ನಕ್ಷತ್ರ ತೊದಲದಂತೆ ಕಾಯುವ ಚೀಟಿಯಕ್ಕ

"ನೀನು ನಿವೃತ್ತಿ ಆಗೋದರೊಳಗೆ ಒಂದು ಪ್ರದರ್ಶನನಾದ್ರೂ ತೊದಲದೆ ಮುಗಿಯೋ ಹಾಗೆ ಮಾಡ್ತೀನಿ ಚಿಕ್ಕಪ್ಪ." ಈ ಮಾತು ಕೊಟ್ಟಾಗ ಆಕೆಗಿನ್ನೂ ಮದುವೆಯಾಗಿರಲಿಲ್ಲ. ಈಗ ಮಗಳು ಎರಡನೇ ತರಗತಿ. ಚಿಕ್ಕಪ್ಪ ತಾರಾಲಯದಲ್ಲಿ ಗುಮ್ಮಟದ ಮೇಲೆ ನಕ್ಷತ್ರ ಮೂಡಿಸುವ ಯಂತ್ರ ನಡೆಸುವವರು. ಬರುವ ಭಾನುವಾರ ಅವರ ಕೊನೆಯ ಪ್ರದರ್ಶನ. ಅಲ್ಲಿನ ಕಂಪ್ಯೂಟರು ಮಾತ್ರ ಇವತ್ತಿಗೂ ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತದೆ.

ಬೆಳಕು ಹರಿಯುವ ಹೊತ್ತು. ಊಟದ ಮೇಜಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪ್, ಇನ್ನೊಂದು ತುದಿಯಲ್ಲಿ ಮೂತಿ ಮುರಿದ ಬಣ್ಣದ ಪೆನ್ಸಿಲುಗಳು. ಹಗಲಿಡೀ ಒಂದು ಪ್ರಯೋಗಾಲಯದ ಕಂಪ್ಯೂಟರುಗಳ ಹಿಂದೆ ಓಡಾಡುವ ಆಕೆಗೆ, ಮನೆ ಏಳುವ ಮುಂಚಿನ ಈ ಸಮಯವಷ್ಟೇ ಸ್ವಂತದ್ದು. ಅದನ್ನೂ ಆಕೆ ಕರ್ನಲ್‌ಗೆ ಕೊಟ್ಟುಬಿಟ್ಟಿದ್ದಾರೆ. ಕಂಪ್ಯೂಟರಿನ ಎಲ್ಲ ತಂತ್ರಾಂಶಗಳ ಕೆಳಗೆ ಕೂತು, ಯಾರಿಗೆ ಎಷ್ಟು ಮೆಮೊರಿ, ಯಾವ ಥರದ ಮೆಮೊರಿ ಎಂದು ಹಂಚುವ ತಿರುಳು ಅದು. ದೂರದೂರದ ಜನ ಸೇರಿ ಕಟ್ಟುವ ಆ ತಿರುಳಿನಲ್ಲಿ ಒಂದು ಪುಟ್ಟ ಮೂಲೆಯ ಉಸ್ತುವಾರಿ ಈಕೆಯದು. ಆ ಮೂಲೆಯ ಹೆಸರು ಕೇಳಿದರೆ ಅದೇ ಕಸುಬಿನವರೂ ಮಾತು ಬದಲಿಸುತ್ತಾರೆ.

"ಅಡುಗೆಮನೆ ಕಟ್ಟೆ ಇರುತ್ತಲ್ಲ, ಹಾಗೆ" ಎಂದು ಆಕೆ ಬಿಡಿಸಿ ಹೇಳುತ್ತಾರೆ. "ಪ್ರತಿಯೊಂದಕ್ಕೂ ಉಗ್ರಾಣಕ್ಕೆ ಓಡೋ ಬದಲು, ಬೇಕಾಗಿದ್ದನ್ನ ಕಟ್ಟೆ ಮೇಲೆ ಇಟ್ಕೊಂಡ್ರೆ ಕೆಲಸ ಸರಸರ ಆಗುತ್ತೆ. ಪ್ರೊಸೆಸರೂ ಮೆಮೊರಿಯಿಂದ ನಕಲು ತಂದು ಹತ್ತಿರ ಇಟ್ಕೊಳ್ಳುತ್ತೆ. ಆದ್ರೆ ಬಾಗಿಲಲ್ಲಿ ಯಾರು ನಿಂತಿದಾರೆ ಅಂತ ತಿಳ್ಕೊಳ್ಳೋಕೆ ನಿನ್ನೆ ತೆಗೆದ ಫೋಟೊ ನೋಡಿದ್ರಾಯ್ತಾ? ಎದ್ದು ಹೋಗಿ ಬಾಗಿಲನ್ನೇ ನೋಡ್ಬೇಕು. ಯಂತ್ರಗಳ ಜೊತೆ ಮಾತಾಡೋ ಮೆಮೊರಿ ಅಂಥದ್ದು, ಅದರ ನಕಲು ಇಟ್ಕೊಳ್ಳೋ ಹಾಗಿಲ್ಲ. ಪರದೆಗೆ ಚಿತ್ರ ಕಳಿಸೋದು ಇನ್ನೊಂದು ಥರ. ಅಲ್ಲೂ ನಕಲು ಬೇಡ, ಆದ್ರೆ ಒಂದೊಂದೇ ತಟ್ಟೆ ಒಯ್ಯೋ ಬದಲು ಪೇರಿಸಿ ಒಟ್ಟಿಗೆ ಒಯ್ಯಬಹುದು."

ಮೆಮೊರಿಯ ಪ್ರತಿ ತುಣುಕಿಗೂ, ಡಬ್ಬಿಗೆ ಅಂಟಿಸುವ ಚೀಟಿಯಂತೆ, ಅದು ಯಾವ ಥರದ್ದೆಂಬ ಗುರುತು ಬೀಳಬೇಕು. ಕೆಲಸ ಮುಗಿದು ತುಣುಕು ವಾಪಸಾದಾಗ ಆ ಗುರುತು ಅಳಿಯಬೇಕು. ಇದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದೇ ಆಕೆಯ ಕೆಲಸ. ಮನೆಯವರ ಬಾಯಲ್ಲಿ ಆಕೆ ಚೀಟಿಯಕ್ಕ.

"ಅಮ್ಮಾ, ಇವತ್ತೂ ಚೀಟಿನಾ?" ಮಗಳು ಕಣ್ಣುಜ್ಜುತ್ತ ಬರುತ್ತಾಳೆ, ಒಂದು ಕಾಲಿಗೆ ಮಾತ್ರ ಸಾಕ್ಸು.

"ಹೂಂ ಕಣೇ. ಇನ್ನೊಂದು ಸಾಕ್ಸೆಲ್ಲಿ?"

"ಅದಕ್ಕೊಂದು ಚೀಟಿ ಅಂಟಿಸಿದ್ರೆ ಗೊತ್ತಾಗ್ತಿತ್ತು!"

ತಾರಾಲಯದ ರೋಗ ಆಕೆಯನ್ನು ಸುಸ್ತು ಹೊಡೆಸಿದೆ. ಪ್ರದರ್ಶನ ಶುರುವಾದಾಗ ಚುರುಕಾಗಿರುವ ಯಂತ್ರ ಬರಬರುತ್ತ ನಿಧಾನವಾಗಿ, ಗ್ರಹಗಳು ಕುಂಟುತ್ತವೆ. ಚಿಕ್ಕಪ್ಪ ಅದನ್ನು ಆರಿಸಿ ಮತ್ತೆ ಹಚ್ಚುತ್ತಾರೆ. ಅಷ್ಟು ಹೊತ್ತು ಕತ್ತಲಲ್ಲಿ ಕೂತ ಮಕ್ಕಳಿಗೆ "ನಕ್ಷತ್ರಗಳು ಮುಖ ತೊಳೆಯೋಕೆ ಹೋಗಿವೆ" ಎಂದು ಮೈಕಿನಲ್ಲಿ ಹೇಳಿ ನಗಿಸುತ್ತಾರೆ. ಹೊಸ ಯಂತ್ರ ಬಂದರೂ ಕುಂಟು ಹೋಗಲಿಲ್ಲ. ತಪ್ಪು ಕರ್ನಲ್‌ನಲ್ಲೇ ಇದೆ, ಅದೂ ತನ್ನ ಮೂಲೆಯಲ್ಲೇ ಇದೆ ಎಂಬುದು ಆಕೆಗೆ ಖಚಿತ. ಎಲ್ಲಿ ಎಂಬುದಷ್ಟೇ ಗೊತ್ತಿಲ್ಲ.

ಮಂಗಳವಾರ ರಜೆ ಹಾಕಿ ಚಿಕ್ಕಪ್ಪನ ಪಕ್ಕದಲ್ಲೇ, ಗುಮ್ಮಟದ ಹಿಂದಿನ ಇಕ್ಕಟ್ಟಿನ ಕೋಣೆಯಲ್ಲಿ ಕೂರುತ್ತಾರೆ. ದೃಶ್ಯ ಬದಲಾಗುವಾಗ ಚಿಕ್ಕಪ್ಪನ ಕೈ ಚಕ್ಕನೆ ಆಡುತ್ತದೆ.

"ಈಗೇನು ಮಾಡ್ದೆ ಚಿಕ್ಕಪ್ಪ?"

"ಏನೂ ಇಲ್ವಲ್ಲ."

"ಗುಂಡಿ ಎರಡು ಸಲ ಒತ್ತಿದೆ."

"ಬೆರಳು ಕಣೇ. ಕೆಲವು ಸಲ ಸರಿಯಾಗಿ ಕೂರಲ್ಲ, ದೃಶ್ಯ ಬರಲ್ಲ. ಇನ್ನೊಂದು ಸಲ ಒತ್ತಿದ್ರೆ ಬರುತ್ತೆ."

"ಯಾವಾಗಿಂದ ಹೀಗೆ?"

"ಮೊದಲಿಂದ್ಲೂ."

"ಮತ್ತೆ ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಗ್ತಿದ್ದೆ. ಯಂತ್ರ ನಡೆಸೋನಿಗೆ ಗುಂಡಿ ಒತ್ತೋಕೆ ಬರಲ್ಲ ಅಂತ ಮನೆಮಂದಿಗೆಲ್ಲ ಡಂಗುರ ಸಾರ್ತಿದ್ದೆ."

ಆಕೆ ನಗುತ್ತಾರೆ, ಹೊಟ್ಟೆ ಹಿಡಿದುಕೊಂಡು. ಆ ಎರಡನೇ ಒತ್ತಿನ ಸುಳಿವು ಹಿಡಿದು ಕರ್ನಲ್‌ನ ಸಾಲುಗಳನ್ನು ಮತ್ತೆ ಓದಿದರೆ, ಬೆರಳಿನ ತಪ್ಪು ಎಳ್ಳಷ್ಟೂ ಇಲ್ಲ. ದೊಡ್ಡ ದೃಶ್ಯಕ್ಕೆ ಯಂತ್ರ ಒಂದು ಕಂತೆ ಮೆಮೊರಿ ಕೇಳುತ್ತದೆ. ಕೊಡುತ್ತ ಕೊಡುತ್ತ ಮಧ್ಯದಲ್ಲಿ ಮೆಮೊರಿ ಸಾಲದಾದರೆ ಕರ್ನಲ್ ಕೊಟ್ಟಷ್ಟನ್ನೂ ವಾಪಸು ಪಡೆದು, ದೃಶ್ಯ ಬರದು ಎನ್ನುತ್ತದೆ; ಅಷ್ಟರಲ್ಲಿ ಬೇರೆ ಮೆಮೊರಿ ಬಿಡುವಾದರೆ ಇನ್ನೊಂದು ಒತ್ತಿಗೆ ಬರುತ್ತದೆ. ಹಾಗೆ ಮಧ್ಯದಿಂದ ಹಿಂದಿರುಗಿದ ತುಣುಕುಗಳ ಮೇಲಿನ 'ನಕಲು ಬೇಡ' ಗುರುತನ್ನು ಅಳಿಸುವವರೇ ಇಲ್ಲ! ಅದೇ ತುಣುಕು ಮುಂದೆ ಯಾರ ಕೈಗೆ ಸಿಕ್ಕರೂ ಅವರು ಚಿಟಿಕೆ ಉಪ್ಪಿಗೂ ಉಗ್ರಾಣಕ್ಕೇ ಓಡಬೇಕು. ಅಂಥ ತುಣುಕುಗಳು ಹೆಚ್ಚಿದಂತೆ ಯಂತ್ರ ಬಳಲುತ್ತದೆ. ಆರಿಸಿ ಹಚ್ಚಿದರೆ ಗುರುತೆಲ್ಲ ಅಳಿದು ಮತ್ತೆ ಚುರುಕು.

"ಕೇಳಿದ್ದು ಸಿಕ್ಕಾಗ ಏನಾಗುತ್ತೆ ಅಂತ ಎಷ್ಟೋ ಸಲ ಓದಿದ್ದೆ. ಸಿಗದೇ ಇದ್ದಾಗ ಏನಾಗುತ್ತೆ ಅಂತ ಸರಿಯಾಗಿ ನೋಡೇ ಇರಲಿಲ್ಲ" ಎನ್ನುತ್ತಾರೆ. ತಿದ್ದಿದ್ದು ಬೆರಳೆಣಿಕೆಯ ಸಾಲು. ಜೊತೆಗಾರರು ತಿರುಗಿಸಿ ಮುರುಗಿಸಿ ನೋಡಿ ಒಪ್ಪುವಷ್ಟರಲ್ಲಿ ಶುಕ್ರವಾರ. ಶನಿವಾರ ಅದು ತಾರಾಲಯದ ಯಂತ್ರಕ್ಕೆ ಇಳಿಯುತ್ತದೆ. ಪೂರ್ತಿ ಪ್ರದರ್ಶನ ನಡೆಸಿ ನೋಡಲು ಪುರುಸೊತ್ತಿಲ್ಲ.

ಭಾನುವಾರ ಗುಮ್ಮಟ ಭರ್ತಿ. ಸಾಕ್ಸಿನ ಹುಡುಗಿ ಮೊದಲ ಸಾಲಿನಲ್ಲಿ. ಒಂದು ದೃಶ್ಯ ಬರುವುದಿಲ್ಲ; ಮೆಮೊರಿ ಸಾಲದಾಗುವುದು ತಪ್ಪಿಲ್ಲ, ಗುರುತು ಅಳಿಯುವುದಷ್ಟೇ ಹೊಸದು. ಚಿಕ್ಕಪ್ಪ ಈಗ ನಾಚಿಕೆಯಿಲ್ಲದೆ, ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಗುಂಡಿ ಒತ್ತುತ್ತಾರೆ. ಬರುತ್ತದೆ. ಅರ್ಧ ದಾರಿ ಬಂತೆಂದು ಅಭ್ಯಾಸಬಲದಿಂದ ಮೈಕು ಕೈಗೆತ್ತಿಕೊಂಡು ಕಾಯುತ್ತಾರೆ. ಗ್ರಹಗಳು ಎಣ್ಣೆ ಹಾಕಿದಂತೆ ತಿರುಗುತ್ತಲೇ ಇವೆ. ಚೀಟಿಯಕ್ಕ ಅವರ ಪಕ್ಕದಲ್ಲೇ ಕೂತು ಗ್ರಹಗಳನ್ನೇ ನೋಡುತ್ತಿದ್ದಾರೆ.

ದೀಪ ಹತ್ತುತ್ತದೆ, ಚಪ್ಪಾಳೆ ಬೀಳುತ್ತದೆ. ಚಿಕ್ಕಪ್ಪ ಮೈಕು ಹಿಡಿದೇ ಆಕೆಯತ್ತ ತಿರುಗುತ್ತಾರೆ.

"ಹೇಳೋಕೆ ಮೂರು ಹೊಸ ಜೋಕು ಇಟ್ಕೊಂಡಿದ್ದೆ ಕಣೇ. ಎಲ್ಲಾ ಹಾಳು ಮಾಡ್ದೆ!"

"ಮನೆಗೆ ಬಂದು ಹೇಳು, ನಗ್ತೀನಿ."

ಒಂದು ಪ್ರದರ್ಶನವಾದರೂ ತೊದಲದೆ ಮುಗಿಯುತ್ತದೆ ಎಂದು ಆಕೆ ಮಾತು ಕೊಟ್ಟಿದ್ದರು. ಮುಗಿಯಿತು.