ಯಾವ ದೂರೂ ಬಂದಿಲ್ಲ

ಫೈಲಿನ ಬೆನ್ನಿಗೆ ಅಂಟಿಸಿದ ಬಿಳಿ ಚೀಟಿ ಎರಡು ಮಿಲಿಮೀಟರಿನಷ್ಟು ಓರೆಯಾಗಿತ್ತು. ಒಗಾವಾ-ಸಾನ್ ಅದನ್ನು ಉಗುರಿನಿಂದ ಎಬ್ಬಿಸಿ, ಸ್ಕೇಲು ಇಟ್ಟು ನೋಡಿ, ಮತ್ತೆ ಅಂಟಿಸಿದರು. ನಮ್ಮ ವಿಭಾಗದ ಕಚೇರಿಯನ್ನು ನೋಡಿಕೊಳ್ಳುವವರು ಅವರು. ನಾನು ಫುಕುವೋಕಾದ ಈ ವಿಶ್ವವಿದ್ಯಾಲಯದಲ್ಲಿ ಮೂರನೆಯ ವರ್ಷದ ಪಿಎಚ್.ಡಿ. ವಿದ್ಯಾರ್ಥಿನಿ. ಮರುದಿನ ಹೊರಗಿನಿಂದ ಮೂವರು ಪ್ರಾಧ್ಯಾಪಕರು ಬಂದು ನಮ್ಮ ಕೋರ್ಸಿನ ಗುಣಮಟ್ಟವನ್ನು ಪರಿಶೀಲಿಸುವವರಿದ್ದರು. ವಿದೇಶಿ ವಿದ್ಯಾರ್ಥಿಗಳ ಪರವಾಗಿ ಮಾತನಾಡಲು ನನ್ನನ್ನು ಆರಿಸಿದ್ದರು. ನಾನು ಹೆಚ್ಚು ಮಾತನಾಡುವವಳಲ್ಲ ಎಂಬುದೇ ಅದಕ್ಕೆ ಕಾರಣವಿರಬಹುದೆಂದು ನನ್ನ ಗುಮಾನಿ.

"ನಾನು ಏನು ಹೇಳಬೇಕು?" ಎಂದು ಕೇಳಿದೆ.

"ಇದ್ದದ್ದನ್ನು ಇದ್ದ ಹಾಗೆ ಹೇಳಿ," ಎಂದರು ಒಗಾವಾ-ಸಾನ್, ಮುಂದಿನ ಚೀಟಿ ಕತ್ತರಿಸುತ್ತ.

ನಿಮಗೆ ನಗು ಬರಬಹುದು, ಆ ಮಾತಿಗೆ ನಾನು ಬೆವರಿದೆ. ಉತ್ತರ ಹೇಳಿಕೊಡದ ಪರಿಶೀಲನೆಯನ್ನು ನಾನು ಕಂಡೇ ಇರಲಿಲ್ಲ.

ಮೈಸೂರಿನ ನಮ್ಮ ಪದವಿ ಕಾಲೇಜಿಗೆ ಇಂಥದ್ದೇ ಸಮಿತಿ ಬಂದಾಗ ವಾರವಿಡೀ ಪೇಂಟಿನ ವಾಸನೆ. ಹೂಕುಂಡಗಳು ನರ್ಸರಿಯಿಂದ ಬಾಡಿಗೆಗೆ ಬಂದಿದ್ದವು. ಕೆಮಿಸ್ಟ್ರಿಯ ಸರೋಜಾ ಮೇಡಂ ನಮ್ಮನ್ನು ಸಾಲಾಗಿ ನಿಲ್ಲಿಸಿ ಉತ್ತರ ಒಪ್ಪಿಸಿಕೊಂಡರು.

"ಲೈಬ್ರರಿ ಎಷ್ಟೊತ್ತಿನ ತನಕ ತೆಗ್ದಿರತ್ತೆ?"

"ನಾಲ್ಕೂವರೆ ಮೇಡಂ."

"ಅಯ್ಯೋ, ರಿಪೋರ್ಟಲ್ಲಿ ಎಂಟು ಅಂತ ಬರ್ದಾಗಿದೆ ಕಣೇ. ಎಂಟು ಅನ್ನು."

"ಎಂಟಕ್ಕೆ ವಾಚ್‌ಮನ್ನೂ ಇರಲ್ಲ ಮೇಡಂ."

"ಹರಿಶ್ಚಂದ್ರನ ಮೊಮ್ಮಗಳೇ, ಎಂಟು!"

ಎಂಟು ಎಂದೆ. ಸಮಿತಿಯವರು ಬರೆದುಕೊಂಡರು. ಕುಂಡಗಳು ಮರುದಿನವೇ ವಾಪಸು ಹೋದವು. ಆದರೆ ಮುಂದಿನ ಸೋಮವಾರದಿಂದ ಮೇಡಂ ಬೀಗದ ಕೈ ಇಸಿದುಕೊಂಡು, ಫ್ಲಾಸ್ಕಿನಲ್ಲಿ ಕಾಫಿ ತಂದು, ಎಂಟರವರೆಗೆ ಲೈಬ್ರರಿಯಲ್ಲಿ ಕೂರತೊಡಗಿದರು. "ಹೇಳ್ಬಿಟ್ಟಿದ್ದೀವಲ್ಲೇ, ಇನ್ನೇನ್ ಮಾಡೋದು," ಎಂದರು. ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ನಾನು ಓದಿದ್ದು ಅಲ್ಲಿಯೇ, ನಾಲ್ಕೂವರೆಯಿಂದ ಎಂಟರವರೆಗೆ, ಅಂದರೆ ಆ ಸುಳ್ಳಿನೊಳಗೇ ಕೂತು. ಅದನ್ನು ತಪ್ಪೆನ್ನಬೇಕೋ ಉಪಕಾರವೆನ್ನಬೇಕೋ ನನಗೆ ಇಂದಿಗೂ ತಿಳಿದಿಲ್ಲ.

ಇಲ್ಲಿಯ ತೊಡಕು ಬೇರೆ. ನಮ್ಮ ಕೈಪಿಡಿಯ ಪ್ರಕಾರ ಬೋಧನೆಯೆಲ್ಲ ಇಂಗ್ಲಿಷಿನಲ್ಲಿ. ಸೋಮವಾರ ಮಧ್ಯಾಹ್ನದ ಸೆಮಿನಾರು ಶುರುವಾಗುವುದೂ ಇಂಗ್ಲಿಷಿನಲ್ಲೇ. ಹತ್ತು ನಿಮಿಷಕ್ಕೆ ಚರ್ಚೆ ಬಿಸಿಯೇರಿ ಜಪಾನೀ ಭಾಷೆಗೆ ಹೊರಳುತ್ತದೆ. ನಮ್ಮವರೂ ಜಗಳಕ್ಕೆ ನಿಂತರೆ ಮನೆಮಾತಿಗೇ ಇಳಿಯುತ್ತಾರಲ್ಲ, ಹಾಗೆ. ಮೊದಲ ವರ್ಷ ನಾನು ಏನೂ ತಿಳಿಯದೆ ತಲೆಯಾಡಿಸುತ್ತಿದ್ದುದನ್ನು ಒಗಾವಾ-ಸಾನ್ ಬಾಗಿಲಿನಿಂದ ಕಂಡರಂತೆ. ಮುಂದಿನ ವಾರದಿಂದ ತಮ್ಮ ಊಟದ ವಿರಾಮದಲ್ಲಿ ಬಂದು ನನ್ನ ಪಕ್ಕ ಕೂತು, ಎಲ್ಲರ ಮಾತನ್ನೂ ಪೆನ್ಸಿಲಿನಲ್ಲಿ ಇಂಗ್ಲಿಷಿಗಿಳಿಸತೊಡಗಿದರು. ಆಮೇಲೆ ಕೊಂಬಿನಿ ಎಂಬ ಮೂಲೆಯಂಗಡಿಯಿಂದ ತಂದ ಅನ್ನದ ಉಂಡೆಯನ್ನು ನಿಂತೇ ತಿಂದು ಕಚೇರಿಗೆ ಓಡುತ್ತಿದ್ದರು. ಅದು ಅವರ ಕೆಲಸವಲ್ಲ. ಯಾರಿಗೂ ಹೇಳಿಯೂ ಇರಲಿಲ್ಲ. ಈಗ ಹನ್ನೊಂದು ನೋಟ್‌ಬುಕ್ಕುಗಳಾಗಿವೆ.

ವಿಭಾಗದ ವರದಿಯಲ್ಲಿ ಒಂದು ಸಾಲಿತ್ತು: "ಭಾಷೆಯ ಕುರಿತು ವಿದ್ಯಾರ್ಥಿಗಳಿಂದ ಯಾವ ದೂರೂ ಬಂದಿಲ್ಲ." ನಿಜ. ನಾನು ದೂರಿರಲಿಲ್ಲ. ಸಂಕೋಚವೆಂದು ಅಮ್ಮ ಬೈಯುತ್ತಿದ್ದ ನನ್ನ ಗುಣ ಇಲ್ಲಿ ಗುಣಮಟ್ಟದ ಪುರಾವೆಯಾಗಿ ಕೂತಿತ್ತು.

ಕಚೇರಿಯವರನ್ನು ಕೆಲವು ವರ್ಷಕ್ಕೊಮ್ಮೆ ಬೇರೆ ವಿಭಾಗಕ್ಕೆ ಕಳಿಸುವುದು ಇಲ್ಲಿನ ವಾಡಿಕೆ. ಏಪ್ರಿಲ್‌ನಲ್ಲಿ ಒಗಾವಾ-ಸಾನ್ ಹೋಗುತ್ತಾರೆ. ಅದೇ ತಿಂಗಳು ವಿಯೆಟ್ನಾಮಿನಿಂದ ಹೊಸ ವಿದ್ಯಾರ್ಥಿನಿಯೊಬ್ಬಳು ಬಂದು, ನಾನು ಕೂರುತ್ತಿದ್ದ ಸಾಲಿನಲ್ಲಿ ಕೂತು, ತಲೆಯಾಡಿಸುತ್ತಾಳೆ.

ಮರುದಿನ ಸಮಿತಿಯ ಹಿರಿಯರು ಕೇಳಿದ್ದೂ ಸೆಮಿನಾರಿನ ಬಗ್ಗೆಯೇ. "ಸೆಮಿನಾರಿನ ಚರ್ಚೆ ನಿಮಗೆ ಅರ್ಥವಾಗುತ್ತದೆಯೇ?"

"ಅರ್ಥವಾಗುತ್ತದೆ," ಎಂದೆ.

ಅವರು ತಲೆಬಾಗಿ ಬರೆದುಕೊಂಡರು. ಹೇಗೆ ಅರ್ಥವಾಗುತ್ತದೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದ್ದರೆ, ಕಚೇರಿಯ ನೌಕರರು ತರಗತಿಯಲ್ಲಿ ಏಕೆ ಕೂತರು ಎಂಬ ಪ್ರಶ್ನೆ ಒಗಾವಾ-ಸಾನ್ ತಲೆಯ ಮೇಲೆ ಬೀಳುತ್ತಿತ್ತು. ಮೈಸೂರಿನಲ್ಲಿ ಸುಳ್ಳು ಹೇಳಿದೆ, ಅದು ನಿಜವಾಯಿತು. ಇಲ್ಲಿ ನಿಜವನ್ನೇ ಹೇಳಿದೆ, ಏಪ್ರಿಲ್‌ಗೆ ಅದು ಸುಳ್ಳಾಗುತ್ತದೆ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ಕೇಳುವ ಆಸೆ ನನಗೆ. ಕೇಳಿದರೂ ನಿಮ್ಮ ಉತ್ತರವನ್ನು ನಂಬುತ್ತಿದ್ದೆನೋ ಇಲ್ಲವೋ.

ಸಮಿತಿ ಇನ್ನೂ ಅರ್ಧ ದಿನ ಇರುವುದಿತ್ತು. ಮರುದಿನ ಬೆಳಿಗ್ಗೆ ಎಂಟೂವರೆಗೆ ಹನ್ನೊಂದೂ ನೋಟ್‌ಬುಕ್ಕುಗಳನ್ನು ಕಚೇರಿಗೆ ಹೊತ್ತು ತಂದೆ.

"ಸುಮಿಮಾಸೆನ್, ಕ್ಷಮಿಸಿ, ನಿನ್ನೆ ನಾನು ಅರ್ಧ ಮಾತ್ರ ಹೇಳಿದೆ," ಎಂದೆ. "ಉಳಿದದ್ದು ಹೇಳಿದರೆ ನಿಮಗೆ ತೊಂದರೆ. ಹೇಳದಿದ್ದರೆ ಮುಂದೆ ಬರುವವಳಿಗೆ ತೊಂದರೆ. ನೀವು ಬೇಡವೆಂದರೆ ಹೇಳುವುದಿಲ್ಲ."

ಒಗಾವಾ-ಸಾನ್ ಮೇಲಿನ ನೋಟ್‌ಬುಕ್ಕನ್ನು ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು.

"ನನ್ನ ಇಂಗ್ಲಿಷಿನ ತಪ್ಪುಗಳನ್ನೂ ಅವರು ಓದುತ್ತಾರಲ್ಲ," ಎಂದರು.

ಆಮೇಲೆ ಒಂದು ಬಿಳಿ ಚೀಟಿ ಕತ್ತರಿಸಿ, ಸಮಿತಿಗೆಂದು ಜೋಡಿಸಿದ್ದ ಕೊನೆಯ ಫೈಲಿನ ಮುಂದಿನ ಸಂಖ್ಯೆಯನ್ನು ಬರೆದು, ನೋಟ್‌ಬುಕ್ಕಿಗೆ ಅಂಟಿಸಿದರು. ಚೀಟಿ ಸ್ವಲ್ಪ ಓರೆಯಾಯಿತು. ಸ್ಕೇಲು ಅಲ್ಲೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ.

ಹನ್ನೊಂದನ್ನೂ ಎದೆಗೊತ್ತಿಕೊಂಡು ಸಮಿತಿಯ ಕೋಣೆಯವರೆಗೆ ನಡೆದೆ. ಮೊದಲ ವಾಕ್ಯ ಇನ್ನೂ ಹೊಳೆದಿರಲಿಲ್ಲ. ಮೊಣಕೈಯಿಂದಲೇ ಬಾಗಿಲು ತಟ್ಟಿದೆ.