ಹನ್ನೊಂದರಿಂದ ಒಂದರವರೆಗೆ ಬೀಳುವ ನೀರು

ಪ್ರವಾಸದ ಮೊದಲ ಬೆಳಿಗ್ಗೆ ಬಸ್ಸು ಊರು ದಾಟುತ್ತಿದ್ದ ಹಾಗೆ ಟೂರು ಮ್ಯಾನೇಜರು ಮೈಕು ಹಿಡಿಯುತ್ತಿದ್ದ. "ಹಿಂದಿನ ಸೀಟಲ್ಲಿ ನಮ್ಮ ಅಡುಗೆಯಕ್ಕ ಇದ್ದಾರೆ. ಹತ್ತೊಂಬತ್ತು ವರ್ಷದಲ್ಲಿ ದೇಶವನ್ನ ಅರವತ್ತು ಸಲ ಸುತ್ತಿದ್ದಾರೆ. ಅವರು ನೋಡದ ಜಾಗ ಇಲ್ಲ. ಏನು ಬೇಕಾದ್ರೂ ಕೇಳಿ." ನಲವತ್ತು ತಲೆ ಹಿಂದಕ್ಕೆ ತಿರುಗುತ್ತಿದ್ದವು. ಅಕ್ಕ ತಲೆಯಾಡಿಸುತ್ತಿದ್ದಳು. ಊಟಕ್ಕೇನು ಅನ್ನುವುದೊಂದನ್ನು ಬಿಟ್ಟರೆ ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಮ್ಯಾನೇಜರ ಮಾನ ಅಲ್ಲೇ ಹರಾಜಾಗುತ್ತಿತ್ತು.

ಯಾಕೆಂದರೆ ಆಕೆ ಕಂಡ ದೇಶವೇ ಬೇರೆ. ಕೋಟೆಯ ಊರೆಂದರೆ ಮೂರು ದಿಕ್ಕಿನಿಂದ ಗಾಳಿ ನುಗ್ಗುವ ಬಯಲು. ಒಲೆಯ ಸುತ್ತ ತಗಡು ಮರೆ ಕಟ್ಟಬೇಕು. ಕಡಲ ತೀರವೆಂದರೆ ಮರಳು. ಪಾತ್ರೆಗೆ ಎರಡೆರಡು ಮುಚ್ಚಳ. ರಾಜಧಾನಿಯೆಂದರೆ ಮೇಲ್ಸೇತುವೆಯ ಅಡಿ. ಪೊಲೀಸಿನವನು ಕಂಡರೆ ಕುದಿಯುವ ಪಾತ್ರೆ ಸಮೇತ ಕಾಲಿಗೆ ಬುದ್ಧಿ ಹೇಳಬೇಕು. ಬೆಟ್ಟದ ಮೇಲೆ ಬೇಳೆ ಬೇಯುವುದಿಲ್ಲ. ಜಲಪಾತದ ಊರಿನ ನಲ್ಲಿನೀರಲ್ಲಿ ಮಾತ್ರ ಎಂಥ ಹಠಮಾರಿ ಕಾಳೂ ಬೆಣ್ಣೆಯಾಗುತ್ತದೆ. ಭೂಗೋಳದ ಪುಸ್ತಕ ಬರೆದವರಿಗೆ ಇದು ಗೊತ್ತಿಲ್ಲ. ಗೊತ್ತಿದ್ದವಳಿಗೆ ಯಾರೂ ಬರಿ ಅನ್ನಲಿಲ್ಲ.

ಬಸ್ಸು ನಿಂತ ಕೂಡಲೇ ನಲವತ್ತು ಜನ ಮ್ಯಾನೇಜರ ಬಾವುಟದ ಹಿಂದೆ ಹೋಗುತ್ತಿದ್ದರು. ಅಕ್ಕ ಡಿಕ್ಕಿಯಿಂದ ಒಲೆ, ಸಿಲಿಂಡರು, ತರಕಾರಿ ಮೂಟೆ ಇಳಿಸಿಕೊಂಡು ಕಕ್ಕಸುಗಳ ಹಿಂದಿನ ಮೂಲೆ ಸೇರುತ್ತಿದ್ದಳು. ಊಟ ಒಂದು ಗಂಟೆಗೆ. ಉಂಡಾದ ಮೇಲೆ ಪಾತ್ರೆ. ಪಾತ್ರೆ ಮುಗಿಯುವಾಗ ಬಸ್ಸು ಹಾರನ್ನು ಹೊಡೆಯುತ್ತಿತ್ತು.

ಮನೆಯಲ್ಲಿ ಇದ್ದವಳು ಒಬ್ಬ ನಾದಿನಿ. ಕಿಟಕಿ ಪಕ್ಕ ಹೊಲಿಗೆ ಮೆಷಿನ್ನು ಹಾಕಿಕೊಂಡು ಕೂತು ಬೀದಿ ದಾಟದವಳು. ನಾಲಿಗೆ ಮಾತ್ರ ಸೂಜಿಗಿಂತ ಮೊನಚು.

"ಬಂದ್ಯಾ ದೇಶ ಸುತ್ತಿದವಳೇ. ಆ ಜಲಪಾತ ಹೇಗಿದೆ, ಈ ಸಲವಾದ್ರೂ ಹೇಳು."

"ಹಾಲು ಸುರಿದ ಹಾಗೆ."

"ಹಾಲು ಸುರಿದ ಹಾಗೆ ಅಂತ ಕ್ಯಾಲೆಂಡರಲ್ಲೂ ಬರೆದಿದೆ ಅತ್ತಿಗೆ. ಅದನ್ನ ಓದೋಕೆ ನಿನ್ನ ಅಷ್ಟು ದೂರ ಕಳಿಸಬೇಕಿತ್ತಾ? ನಿನ್ನ ಕಣ್ಣಿಗೆ ಏನು ಕಾಣಿಸ್ತು?"

ಅಕ್ಕ ಕಾಲು ತೊಳೆಯಲು ಬಚ್ಚಲಿಗೆ ಹೋಗಿಬಿಡುತ್ತಿದ್ದಳು.

ನೋಡಲೇ ಇಲ್ಲ ಎಂದೇನಲ್ಲ. ನಾಲ್ಕು ವರ್ಷದ ಹಿಂದೆ ಒಮ್ಮೆ ಪಾತ್ರೆಗಳನ್ನು ನೆನೆಹಾಕಿ ಕದ್ದು ಇಳಿದಿದ್ದಳು. ಇನ್ನೂರ ಹನ್ನೆರಡು ಮೆಟ್ಟಿಲು. ಕೆಳಗೆ ಹೋಗಿ ನಿಂತರೆ ಎದುರಿಗೆ ಕಪ್ಪು ಬಂಡೆ, ಅದರ ಮೇಲೊಂದು ಒದ್ದೆ ಗೀರು. ನೀರಿನ ಹೆಸರೇ ಇಲ್ಲ. ಏದುಸಿರು ಬಿಡುತ್ತ ಹತ್ತಿ ಬಂದಾಗ ಬಸ್ಸಿನಲ್ಲಿ ಜನ, "ಅಬ್ಬಾ, ಎಂಥಾ ನೀರು" ಅನ್ನುತ್ತಿದ್ದರು. ಪಾಪ, ಎಂದುಕೊಂಡಳು ಅಕ್ಕ. ಅಷ್ಟು ದೂರದಿಂದ ಬಂದು ಏನೂ ಇಲ್ಲ ಅನ್ನಲು ನಾಚಿಕೆ, ಅದಕ್ಕೇ ಒಬ್ಬರ ಸುಳ್ಳಿಗೆ ಇನ್ನೊಬ್ಬರು ಒಗ್ಗರಣೆ ಹಾಕುತ್ತಿದ್ದಾರೆ. ನಾಲ್ಕು ವರ್ಷ ಅವರ ಮಾನ ಕಾಪಾಡಿದಳು. ಯಾರಾದರೂ ಜಲಪಾತ ಹೊಗಳಿದರೆ ಅವರ ತಟ್ಟೆಗೆ ಇನ್ನೊಂದು ಸೌಟು ಹೆಚ್ಚಿಗೆ ಹಾಕುತ್ತಿದ್ದಳು, ಕನಿಕರದಿಂದ.

ಈ ಕನಿಕರವನ್ನು ಒಡೆದವನು ಡ್ರೈವರು. ಬಸ್ಸಿನ ನೆರಳಲ್ಲಿ ಈರುಳ್ಳಿ ಸುಲಿಯುವಾಗ ಅಕ್ಕ ತನ್ನ ಗುಟ್ಟು ಹೇಳಿದಳು. ಅವನು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ.

"ಅಯ್ಯೋ ಅಕ್ಕ, ಮೇಲೆ ಅಣೆಕಟ್ಟು ಇದೆಯಲ್ಲ. ಕರೆಂಟಿಗೆ ಅಂತ ನೀರು ಹಿಡಿದಿಟ್ಟಿರ್ತಾರೆ. ಟೂರಿಸ್ಟರಿಗೆ ಅಂತ ಹನ್ನೊಂದರಿಂದ ಒಂದರವರೆಗೆ ಗೇಟು ತೆಗೀತಾರೆ. ಆಮೇಲೆ ಬಂದ್."

"ಹನ್ನೊಂದರಿಂದ ಒಂದು?"

"ಹ್ಞೂಂ."

ಹನ್ನೊಂದರಿಂದ ಒಂದು. ಅಂದರೆ ಒಲೆ ಹಚ್ಚಿದಲ್ಲಿಂದ ಎಲೆ ಹಾಕುವವರೆಗೆ. ನೋಡಲು ಬರುವವರಿಗೆಂದೇ ನದಿಗೂ ಡ್ಯೂಟಿ ಟೈಮು ಗೊತ್ತುಮಾಡಿದ್ದರು. ಆ ನೋಡುವವರಲ್ಲಿ, ಅವರಿಗೆ ಬೇಯಿಸುವವಳ ಲೆಕ್ಕ ಇರಲಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ. ಇಂಥವನ್ನು ಯಾರೂ ಬೇಕೆಂದು ಮಾಡುವುದಿಲ್ಲ, ಅದೇ ಇದರ ಹೇಸಿಗೆ.

ಅಕ್ಕನಿಗೆ ಸಿಟ್ಟು ಬಂದದ್ದು ಗೇಟಿನ ಮೇಲಲ್ಲ. ನಾಲ್ಕು ವರ್ಷ ತಾನು ಪಾಪ ಅಂದುಕೊಂಡವರು ನಿಜ ಹೇಳುತ್ತಿದ್ದರು. ಪಾಪ ಅನ್ನಿಸಿಕೊಳ್ಳಬೇಕಾದವಳು ತಾನೇ ಆಗಿದ್ದಳು.

ಮುಂದಿನ ಪ್ರವಾಸದಲ್ಲಿ ಜಲಪಾತದ ಹಿಂದಿನ ದಿನ ಮ್ಯಾನೇಜರ ಮುಂದೆ ಹೋಗಿ ನಿಂತಳು. "ನಾಳೆ ಊಟ ಎರಡೂವರೆಗೆ. ನಾನು ನೀರು ನೋಡಬೇಕು."

ಅವನು ತಮಾಷೆ ಅಂದುಕೊಂಡ. "ನೀವು ನೋಡದ್ದಾ ಅಕ್ಕ?"

"ನೋಡಿಲ್ಲ. ನೀವು ಅರವತ್ತು ಸಲ ಮೈಕಲ್ಲಿ ಹೇಳಿದಿರಿ, ನಾನು ಅರವತ್ತು ಸಲ ತಲೆಯಾಡಿಸಿದೆ. ಇಬ್ಬರದ್ದೂ ತಪ್ಪು."

"ಊಟ ಒಂದು ಗಂಟೆಗೆ ಅಂತ ಪ್ರಿಂಟಾಗಿದೆ. ನೀರು ಎಲ್ಲಿ ನೋಡಿದ್ರೂ ನೀರೇ. ಸುಮ್ಮನೆ ಇಲ್ಲದ ರಗಳೆ ಬೇಡ."

ಮಾರನೆಯ ದಿನ ಹನ್ನೊಂದೂವರೆಗೆ ಕಾಳು ಅರ್ಧ ಬೆಂದಿತ್ತು. ಅಕ್ಕ ಒಲೆ ಆರಿಸಿದಳು, ಸಿಲಿಂಡರಿನ ಬಾಯಿ ತಿರುಗಿಸಿ ಬಿಗಿ ಮಾಡಿದಳು. ಉರಿಯುವ ಒಲೆ ಬಿಟ್ಟುಹೋಗುವ ಜಾತಿ ಅಲ್ಲ ಆಕೆಯದು. "ನೀರಿಗೆ ಹೊರಟೆ" ಎಂದು ಡ್ರೈವರಿಗೆ ಹೇಳಿ ಇಳಿಯತೊಡಗಿದಳು. ಅರ್ಧ ದಾರಿಯಲ್ಲಿ ಕೈಯಲ್ಲಿನ್ನೂ ಸೌಟಿದೆ ಎಂದು ಗೊತ್ತಾಯಿತು. ಎದುರು ಹತ್ತಿ ಬರುವವರು ಸೌಟು ನೋಡಿ ದಾರಿ ಬಿಡುತ್ತಿದ್ದರು. ಒಳ್ಳೆಯದೇ ಆಯಿತು.

ಮೊದಲು ಸಿಕ್ಕಿದ್ದು ಸದ್ದು. ಎದೆಗೂಡಿನೊಳಗೇ ಯಾರೋ ಕುಟ್ಟಿದಂಥ ಸದ್ದು. ಆಮೇಲೆ ನೀರು. ಬಸ್ಸಿನ ಜನ ಅದಕ್ಕೆ ಬೆನ್ನು ಹಾಕಿ ನಿಂತು ಮೊಬೈಲಿಗೆ ಮುಖ ಕೊಡುತ್ತಿದ್ದರು. ಅಕ್ಕ ಅವರ ನಡುವೆ ನುಗ್ಗಿ ಕಂಬಿ ಹಿಡಿದು ನಿಂತಳು. ಮೂಗಿಗೆ, ರೆಪ್ಪೆಗೆ, ಸೌಟಿಗೆ ತುಂತುರು.

"ಅಕ್ಕಾ, ನೀವು ಇಲ್ಲಿ? ಊಟ?" ಅಂದ ಒಬ್ಬ.

"ನೀವು ನೋಡಿ ಆಯ್ತಾ?"

"ಆಯ್ತು."

"ನಂದು ಆಗಿಲ್ಲ."

ಜನ ಒಬ್ಬೊಬ್ಬರೇ ಹತ್ತಿಹೋದರು. ಮೇಲಿಂದ ಮ್ಯಾನೇಜರು ಕೂಗುವುದು ಕೇಳಿಸುತ್ತಿತ್ತು. ಬಹುವಚನ ಆಗಲೇ ಬಿಟ್ಟುಹೋಗಿತ್ತು. ಅಕ್ಕ ಕದಲಲಿಲ್ಲ. ಒಂದು ಗಂಟೆಗೆ ಎಲ್ಲೋ ಸೈರನ್ನು ಕೂಗಿತು. ಸ್ವಲ್ಪ ಹೊತ್ತಿಗೆ ನೀರಿನ ಅಂಚು ಸಣಕಲಾಯಿತು, ನಡುವೆ ಬಂಡೆಯ ಮೂಗು ಹೊರಬಂತು, ಒಂದು ಧಾರೆ ಎರಡಾಗಿ ನಾಲ್ಕಾಗಿ ಹನಿಯಾಯಿತು. ಆಮೇಲೆ ಅದೇ ಕಪ್ಪು ಬಂಡೆ, ಅದೇ ಒದ್ದೆ ಗೀರು. ಅರವತ್ತು ಬಸ್ಸು ತುಂಬ ಬಂದ ಜನರಲ್ಲಿ ನೀರು ನಿಲ್ಲುವುದನ್ನು ನೋಡಿದವಳು ಬಹುಶಃ ಆಕೆಯೊಬ್ಬಳೇ.

ಊಟ ಎರಡೂ ಮುಕ್ಕಾಲಿಗೆ ಆಯಿತು.

"ಇದೇ ನಿನ್ನ ಕೊನೇ ಟ್ರಿಪ್ಪು," ಎಂದ ಮ್ಯಾನೇಜರು, ಎಲ್ಲರಿಗೂ ಕೇಳುವ ಹಾಗೆ.

"ಆಗಲಿ. ಈ ಟ್ರಿಪ್ಪಲ್ಲಿ ಇನ್ನೂ ನಾಲ್ಕು ಜಾಗ ಇದೆಯಲ್ಲ, ಅವನ್ನೂ ನೋಡ್ತೀನಿ."

ನೋಡಿದಳು. ನಾಲ್ಕು ದಿನವೂ ಊಟ ತಡವಾಯಿತು. ಕೆಲವರು ಗೊಣಗಿದರು, ಒಬ್ಬರು ಸಿಟ್ಟಿನಿಂದ ತಟ್ಟೆ ಸರಿಸಿದರು. ಕೋಟೆಯ ಬುರುಜಿನ ಮೇಲಿಂದ ತನ್ನ ಒಲೆಯ ಜಾಗ ಎಷ್ಟು ಸಣ್ಣದು ಎಂದು ಅಕ್ಕ ಮೊದಲ ಸಲ ಕಂಡಳು.

ಮನೆಗೆ ಬಂದಾಗ ನಾದಿನಿ ಮೆಷಿನ್ನು ನಿಲ್ಲಿಸಿದಳು. "ಕೆಲಸ ಹೋಯ್ತಂತೆ."

"ಹೋಯ್ತು."

"ಹೋಗಲಿ. ಹೇಗಿತ್ತು ಜಲಪಾತ?"

"ಹಾಲಲ್ಲ. ಅಕ್ಕಿ ತೊಳೆದ ಮೊದಲನೇ ನೀರು. ಅದೇ ಬಣ್ಣ, ಅದೇ ಮಬ್ಬು. ಹಾಲು ಅಂದವನು ಜನ್ಮದಲ್ಲಿ ಒಂದು ದಿನ ಅಕ್ಕಿ ತೊಳೆದವನಲ್ಲ."

ನಾದಿನಿ ಮೆಷಿನ್ನಿನ ಚಕ್ರ ಮತ್ತೆ ತಿರುಗಿಸುತ್ತ, "ಈಗ ಕಾಣಿಸ್ತು ನೋಡು," ಎಂದಳು.

ಎರಡು ಟೂರು ಕಂಪನಿಗಳು ಆಕೆಯ ಷರತ್ತು ಕೇಳಿ ಬಾಗಿಲು ತೋರಿಸಿದವು. ಮೂರನೆಯ ಕಡೆ ಮೇಜಿನ ಹಿಂದಿನವನು ಕೇಳಿದ, "ಹತ್ತೊಂಬತ್ತು ವರ್ಷ ಅಂದ್ರೆ ಇಡೀ ದೇಶ ನೋಡಿರ್ತೀರಿ?"

"ಐದು ಜಾಗ ನೋಡಿದೀನಿ. ಉಳಿದ ಕಡೆ ಬೇಯಿಸಿದೀನಿ. ನಿಮ್ಮಲ್ಲಿ ಮೊದಲು ನೋಡ್ತೀನಿ, ಆಮೇಲೆ ಒಲೆ ಹಚ್ತೀನಿ. ಊಟ ಎರಡೂವರೆಗೆ."

"ನಮ್ಮಲ್ಲಿ ಒಂದು ಗಂಟೆಗೆ."

"ಬೇರೆ ಅಡುಗೆಯವರನ್ನ ನೋಡಿಕೊಳ್ಳಿ," ಎಂದು ಎದ್ದಳು.

"ಕೂತ್ಕೊಳ್ಳಿ," ಎಂದ ಅವನು. "ಎರಡೂವರೆ."

ಅಕ್ಕ ಕೂರಲಿಲ್ಲ. "ಮೊದಲು ಬರೀರಿ," ಎಂದಳು.