ನೋಲೀನಳ ಕೈಗಳೂ ಕೆಟಲ್‌ನ ನಾಗಾಲೋಟವೂ

ವುಡೆಂಡ್ ಬೀಚಿನ ಸುತ್ತ ಹತ್ತು ಮೈಲಿಯಲ್ಲಿ ಯಾವ ಕುದುರೆ ಬೆಳಗ್ಗೆ ಏನು ತಿಂದಿತು ಅಂತ ಕೇಳಿ, ಹೇಳುತ್ತೇನೆ. ಮೂವತ್ತು ವರ್ಷದಿಂದ ಇಲ್ಲಿ ಕುದುರೆಗಳಿಗೆ ಲಾಳ ಹೊಡೆಯುತ್ತಿರುವವನು ನಾನು, ಡೆಸ್ ಪೊಹಾಟು. ನನ್ನ ಬಾಯಿ ಸ್ವಲ್ಪ ಜಾಸ್ತಿ. ಆದರೆ ನೋಲೀನ್ ಮ್ಯಾಕ್ಲಾರ್ಟಿ ತನ್ನ ಅರವತ್ತಾರನೇ ವಯಸ್ಸಿನಲ್ಲಿ ಕುದುರೆ ಹತ್ತುತ್ತೇನೆ ಅಂದಾಗ ಆ ಬಾಯಿಯೂ ಕಟ್ಟಿಹೋಯಿತು.

ಹಾಗಂತ ನೋಲೀನ್ ಕುದುರೆ ಕಾಣದವಳೇನಲ್ಲ. ನಲವತ್ತೈದು ವರ್ಷ ಟ್ರಾಟಿಂಗ್ ರೇಸಿನ ಗಾಡಿ ಓಡಿಸಿದವಳು. ಎರಡು ಚಕ್ರದ ಹಗುರ ಗಾಡಿ, ಮುಂದೆ ಸ್ಟಾಂಡರ್ಡ್‌ಬ್ರೆಡ್ ತಳಿಯ ಕುದುರೆ, ಹಿಂದೆ ಕಾಲು ಚಾಚಿ ಕೂತು ಲಗಾಮು ಹಿಡಿದ ನೋಲೀನ್. ನಮ್ಮ ಕ್ಯಾಂಟರ್‌ಬರಿ ಸೀಮೆಯಲ್ಲೇ ಅಂಥ ಕೈ ಇನ್ನೊಂದಿಲ್ಲ ಎಂದು ಅವಳಿಗೆ ಸೋತವರೇ ಹೇಳುತ್ತಿದ್ದರು. ಆದರೆ ಕುದುರೆಯ ಬೆನ್ನ ಮೇಲೆ ಅವಳು ಒಂದು ದಿನವೂ ಕೂತವಳಲ್ಲ. ಅವಳ ಅಪ್ಪನ ಲಾಯದಲ್ಲಿ ಜೀನು ಎಂಬುದೇ ಇರಲಿಲ್ಲ.

"ಜೀವಮಾನವೆಲ್ಲ ಇವುಗಳ ಕುಂಡೆ ನೋಡಿದ್ದಾಯ್ತು ಕಣೋ ಡೆಸ್," ಎಂದಳು. "ಇನ್ಮೇಲೆ ಕಿವಿ ನೋಡ್ಬೇಕು."

"ಬಿದ್ರೆ ನಕ್ಷತ್ರಾನೂ ಕಾಣುತ್ತೆ," ಎಂದೆ.

"ನಿನ್ನ ಬಾಯಿಗೆ ಲಾಳ ಹೊಡೀಲಿ! ಕೆಟಲ್ ಕಾಲಿಗೆ ಸವಾರಿ ಲಾಳ ಹಾಕಿಕೊಡು, ಸಾಕು."

ಕೆಟಲ್ ಹನ್ನೊಂದು ವರ್ಷದ ಕಂದು ಕುದುರೆ. ಚಹಾ ಕಾಯಿಸುವ ಕೆಟಲ್‌ನಂತೆ ಮೂಗಿನಲ್ಲಿ ಬುಸ್ ಬುಸ್ ಅನ್ನುವುದಕ್ಕೇ ಆ ಹೆಸರು. ನೂರಕ್ಕೂ ಮೀರಿ ರೇಸು ಓಡಿ, ಹೋದ ಬೇಸಿಗೆಯಲ್ಲಿ ನಿವೃತ್ತಿಯಾಗಿದ್ದ. ಯಾರು ಯಾರೋ ಕೇಳಿದರೂ ನೋಲೀನ್ ಅವನನ್ನು ಬಿಟ್ಟುಕೊಡಲಿಲ್ಲ.

ಅವಳ ಆಸೆ ಏನೆಂದು ನನಗೆ ಗೊತ್ತಿತ್ತು. ಪ್ರತಿ ವರ್ಷ ಮಾರ್ಚಿನಲ್ಲಿ ನಮ್ಮ ಸವಾರಿ ಕ್ಲಬ್ಬಿನವರು ಸಮುದ್ರ ಹಿಂದೆ ಸರಿದಾಗ ವೈಕುಕುವಿನಿಂದ ವುಡೆಂಡ್‌ವರೆಗೆ ಮರಳಿನ ಮೇಲೆ ನಾಗಾಲೋಟದಲ್ಲಿ ಬರುತ್ತಾರೆ, ಮೂವತ್ತು ಮೂವತ್ತೈದು ಕುದುರೆ ಒಟ್ಟಿಗೆ. ಅದೇ ದಂಡೆಯಲ್ಲಿ ತನ್ನ ಕುದುರೆಗಳನ್ನು ಪಳಗಿಸುತ್ತಿದ್ದ ನೋಲೀನ್ ಆಗೆಲ್ಲ ಗಾಡಿ ಬದಿಗೆ ಹಾಕಿ ಅವರಿಗೆ ದಾರಿ ಬಿಡುತ್ತಿದ್ದಳು. ಅವರು ಹೋದ ಮೇಲೂ ಎಷ್ಟೋ ಹೊತ್ತು ಅತ್ತಲೇ ನೋಡುತ್ತಿದ್ದಳು. ಒಮ್ಮೆಯಾದರೂ ಆ ಗುಂಪಿನಲ್ಲಿ ತಾನಿರಬೇಕು, ಇಷ್ಟೇ.

ಗುಂಪಿಗೆ ಸೇರಬೇಕಾದರೆ ಕ್ಲಬ್ಬಿನ ಕ್ಯಾಪ್ಟನ್ ಫಿಲಿಪ್ಪಾ ರೆನ್‌ಶಾ ಮುಂದೆ ಪರೀಕ್ಷೆ ಕೊಡಬೇಕು. ನಡಿಗೆ, ಹಗುರ ಓಟ, ದೊಡ್ಡ ಸುತ್ತು ಪೂರ್ತಿ ನಾಗಾಲೋಟ, ಆಮೇಲೆ ನಿಲ್ಲಿಸುವುದು. ವರ್ಷಕ್ಕೆ ಮೂರು ಅವಕಾಶ. ನೋಲೀನ್ ಎರಡು ಸಲ ಫೇಲಾದಳು. ನಡಿಗೆಯಲ್ಲಿ ಕೆಟಲ್ ದೇವರಂಥವನು, ಓಟದಲ್ಲೂ ತಪ್ಪಿಲ್ಲ. ನಾಗಾಲೋಟ ಅಂದರೆ ಮಾತ್ರ ಅದೇ ರೇಸಿನ ನಡೆಯಲ್ಲಿ, ಒಂದು ಮಗ್ಗುಲಿನ ಎರಡೂ ಕಾಲು ಒಟ್ಟಿಗೆ ಎತ್ತಿಹಾಕುತ್ತ, ಜೋರಾಗಿ, ಇನ್ನೂ ಜೋರಾಗಿ ಹೋಗುತ್ತಿದ್ದ. ಮೇಲೆ ಕೂತ ನೋಲೀನ್ ಎಡಕ್ಕೂ ಬಲಕ್ಕೂ ತೂಗಾಡಿ ಹಣ್ಣಾಗುತ್ತಿದ್ದಳು.

"ಟ್ರಾಟರ್‌ಗಳಿಗೆ ನಾಗಾಲೋಟ ಬರಲ್ಲ ನೋಲೀನ್," ಎಂದಳು ಫಿಲಿಪ್ಪಾ, ಕಾಗದದಿಂದ ಕಣ್ಣೆತ್ತದೆ. "ಅವು ಹುಟ್ಟಿರೋದೇ ಬೇರೆ ಕೆಲಸಕ್ಕೆ. ಬೇಜಾರು ಮಾಡ್ಕೋಬೇಡ. ಮುಂದಿನ ವರ್ಷ ಒಂದು ಒಳ್ಳೆ ಸವಾರಿ ಕುದುರೆ ನೋಡೋಣ."

"ಮುಂದಿನ ವರ್ಷಕ್ಕೆ ನನ್ನ ಮಂಡಿ ಗ್ಯಾರಂಟಿ ಕೊಡಲ್ಲ," ಎಂದಳು ನೋಲೀನ್.

ನನಗೆ ಮೈಯೆಲ್ಲ ಉರಿಯಿತು. ಬರಲ್ಲವಂತೆ! ಹಿತ್ತಲ ಹುಲ್ಲುಗಾವಲಿನಲ್ಲಿ ಬಿಟ್ಟರೆ ಬಾಲ ಎತ್ತಿಕೊಂಡು ನಾಗಾಲೋಟ ಕೀಳುವವನು ಅವನು. ಟ್ರಾಟಿಂಗ್ ರೇಸಿನಲ್ಲಿ ನಾಗಾಲೋಟವೇ ತಪ್ಪು, ಕುದುರೆ ಅದಕ್ಕೆ ಜಾರಿತೋ ಆ ಕ್ಷಣವೇ ಎಳೆದು ಹಿಡಿಯಬೇಕು, ಅಷ್ಟರಲ್ಲಿ ರೇಸು ಕೈಬಿಟ್ಟಂತೆಯೇ. ಹಾಗಾಗಿ ಮರಿಯಿಂದ ಗದರಿಸಿ ಗದರಿಸಿ ಬಿಡಿಸಿರುತ್ತಾರೆ. ಆದರೆ ಬಿಡಿಸಿದ್ದನ್ನು ಮತ್ತೆ ಕಲಿಸಲಾಗದೆ? ನಾನು ಎರಡು ಸಲ ಲಾಳ ಬದಲಿಸಿದೆ. ಅವಳು ಮೂರು ಜೀನು ಬದಲಿಸಿದಳು. ಏನೂ ಗಿಟ್ಟಲಿಲ್ಲ.

ಮೂರನೇ ಪರೀಕ್ಷೆ ಶನಿವಾರ. ಗುರುವಾರ ಬೀಚಿನಲ್ಲಿ ಅಭ್ಯಾಸ. ಅಂದು ನನ್ನ ಸೊಂಟ ಹಿಡಿದುಕೊಂಡಿದ್ದರಿಂದ ಬಗ್ಗಲಾಗದೆ ಪಿಕಪ್ಪಿನ ಹಿಂಬಾಗಿಲ ಮೇಲೆ ಕೂತಿದ್ದೆ. ಲಾಳದವನ ಕಣ್ಣು ಯಾವಾಗಲೂ ಗೊರಸಿನ ಮೇಲೆ. ಅವತ್ತು ಕೂತ ಎತ್ತರಕ್ಕೆ ನನಗೆ ಎದುರಾಗಿ ಕಂಡದ್ದು ನೋಲೀನಳ ಕೈ.

ಕೆಟಲ್ ವೇಗ ಹೆಚ್ಚಿಸಿದ. ಮುಂಗಾಲೆರಡೂ ಎತ್ತಿದ, ನಾಗಾಲೋಟಕ್ಕೆ ಒಂದು ಹೆಜ್ಜೆ ಹಾಕಿಯೇಬಿಟ್ಟ! ತಕ್ಷಣ ನೋಲೀನಳ ಎರಡು ಬೆರಳು ಮುಚ್ಚಿಕೊಂಡವು, ಅಷ್ಟೇ. ಕೆಟಲ್ ಪಾಪ ಹಳೇ ನಡೆಗೆ ಇಳಿದ. ಮತ್ತೆ ಎತ್ತಿದ, ಮತ್ತೆ ಬೆರಳು. ಏಳು ಸಲ ಎಣಿಸಿದೆ. ಸೊಂಟನೋವು ಮರೆತು ಕೆಳಗೆ ಹಾರಿದೆ.

"ನಿಲ್ಸೇ ಮಾರಾಯ್ತಿ! ಅವನು ನಾಗಾಲೋಟ ಹಾಕ್ತಿದಾನೆ! ನೀನೇ ಬಿಡ್ತಿಲ್ಲ!"

"ಏನಂದೆ?"

"ನಿನ್ನ ಕೈ ಕಣೇ, ನಿನ್ನ ಕೈ! ಅವನು ಒಂದು ಹೆಜ್ಜೆ ಹಾಕೋದೇ ತಡ, ನೀನು ಎಳೀತೀಯ."

ಅವಳ ಮುಖ ಕೆಂಪಾಯಿತು. "ನನ್ನ ಕೈ ಬಗ್ಗೆ ಮಾತಾಡ್ತೀಯೇನೋ? ನೀನು? ನಾನು ಎಳೆದೇ ಇಲ್ಲ."

"ಎಳೆದೆ."

"ಎಳೆದಿಲ್ಲ ಅಂದ್ನಲ್ಲ!"

ಅಂದು ಕೆಟಲ್‌ನನ್ನು ಅವಳ ಮನೆಗೆ ಮುಟ್ಟಿಸಿದರೂ ನನಗೆ ಚಹಾ ಸಿಗಲಿಲ್ಲ. ಅವಳ ಮನೆಯಿಂದ ಹಾಗೆ ಬಾಯಿ ಒಣಗಿಸಿಕೊಂಡು ಬಂದದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು.

ಶುಕ್ರವಾರ ನಾನಿನ್ನೂ ಹಲ್ಲುಜ್ಜುತ್ತಿದ್ದೆ, ಗೇಟಿನ ಹತ್ತಿರ ಅವಳ ಪಿಕಪ್ಪು ಬಂದು ನಿಂತಿತು, ಹಿಂದಿನ ಟ್ರೈಲರಿನಲ್ಲಿ ಕೆಟಲ್. ಅವಳ ಕೈಯಲ್ಲಿ ಬಟ್ಟೆ ಸುತ್ತಿದ ಮೊಟ್ಟೆಯ ಪೈ.

"ತಗೋ, ತಿನ್ನು. ನೀನು ಹೇಳಿದ್ದು ಸರಿ," ಎಂದಳು. "ನಿನ್ನೆ ಅಡುಗೆಮನೆ ಕುರ್ಚಿಗೆ ಲಗಾಮು ಕಟ್ಟಿ ಅದರ ಎದುರಿಗೆ ಕಣ್ಮುಚ್ಕೊಂಡು ಕೂತೆ. ಓಡ್ತಿದೀವಿ, ಓಡ್ತಿದೀವಿ ಅಂತ ನೆನೆಸ್ಕೊಂಡೆ. ಕುದುರೆ ನಾಗಾಲೋಟಕ್ಕೆ ಬಂತು ಅಂದ್ಕೊಂಡ ತಕ್ಷಣ ಕುರ್ಚಿ ದಡಾರಂತ ನನ್ನ ಕಾಲ ಮೇಲೆ ಬಿತ್ತು!"

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೆ ಅವಳು ತನ್ನ ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಇವು ನನ್ನ ಮಾತು ಕೇಳಲ್ಲ ಡೆಸ್. ನಾಳೆ ಏನೋ ಮಾಡ್ಲಿ?"

ನನ್ನ ಶೆಡ್ಡಿನ ಗೋಡೆಯ ಮೇಲೆ ಹಳೆಯ ಕಾಲುಪಟ್ಟಿ ಒಂದು ನೇತಾಡುತ್ತಿತ್ತು. ಕುದುರೆ ರೇಸಿನಲ್ಲಿ ನಡೆ ತಪ್ಪದಂತೆ ಮುಂಗಾಲಿಗೂ ಹಿಂಗಾಲಿಗೂ ಸೇರಿಸಿ ಹಾಕುವ ಪಟ್ಟಿ ಅದು. ಅದನ್ನು ಕೊಯ್ದು ಕೆಟಲ್‌ನ ಕೊರಳಿಗೆ ಸುತ್ತಿ ಬಕಲ್ ಹಾಕಿದೆ.

"ನಾಗಾಲೋಟ ಬಂದಾಗ ಲಗಾಮು ಸಡಿಲ ಬಿಟ್ಟು ಇದನ್ನ ಹಿಡ್ಕೋ. ಎಷ್ಟು ಬೇಕಾದ್ರೂ ಎಳಿ. ಅವನ ಬಾಯಿಗೆ ಗೊತ್ತಾಗಲ್ಲ."

"ಇಷ್ಟು ವರ್ಷ ಅವನ ಕಾಲಿಗೆ ಹಾಕಿದ್ದನ್ನ ಈಗ ನನ್ನ ಕೈಗೆ ಹಾಕ್ತಿದೀಯ," ಎಂದಳು ನೋಲೀನ್.

ಶನಿವಾರ ಬೀಚಿನಲ್ಲಿ ವಾಯವ್ಯದ ಬಿಸಿಗಾಳಿ ಬೀಸುತ್ತಿತ್ತು. ಸುದ್ದಿ ಹಬ್ಬಿ ಟ್ರಾಟಿಂಗ್‌ನವರೆಲ್ಲ ಬಂದು ಪಿಕಪ್ಪುಗಳಿಗೆ ಒರಗಿ ನಿಂತಿದ್ದರು, ಎದುರಿಗೆ ಕ್ಲಬ್ಬಿನವರು. ನಡಿಗೆ ಮುಗಿಯಿತು. ಓಟ ಮುಗಿಯಿತು. "ನಾಗಾಲೋಟ," ಎಂದು ಫಿಲಿಪ್ಪಾ ಕೂಗಿದಳು.

ನೋಲೀನ್ ಲಗಾಮು ಸಡಿಲ ಬಿಟ್ಟು ಕೊರಳಪಟ್ಟಿ ಹಿಡಿದಳು. ಕೆಟಲ್ ಮುಂಗಾಲು ಎತ್ತಿದ. ಒಂದು. ಎರಡು. ಮೂರು! "ಬಂತು! ಬಂತೋ!" ಎಂದು ನಾನು ಟೋಪಿ ಎಸೆದೆ. ಅವಳ ಬೆರಳ ಗೆಣ್ಣು ಬಿಳಿಚಿಕೊಂಡಿದ್ದವು, ಪಟ್ಟಿಯನ್ನು ಪ್ರಾಣಹೋಗುವಂತೆ ಎಳೆಯುತ್ತಿದ್ದಳು, ಕೆಟಲ್‌ಗೆ ಅದರ ಪರಿವೆಯೇ ಇಲ್ಲ. ಹತ್ತು ಹೆಜ್ಜೆ, ಇಪ್ಪತ್ತು, ಸುತ್ತಿನ ಕಾಲು ಭಾಗ ದಾಟಿತು.

ಆಮೇಲೆ ಅವನು ತಾನಾಗಿಯೇ ಹಿಂಜರಿದ. ಕಿವಿ ಹಿಂದಕ್ಕೆ ಒತ್ತಿದ. ಕತ್ತು ಒಳಗೆಳೆದುಕೊಂಡ. ಹೆಜ್ಜೆ ಚಿಕ್ಕದಾಗುತ್ತ ಬಂತು. ಏನಾಯಿತೆಂದು ನನಗೆ ಅರ್ಥವಾಯಿತು. ಬೈಗುಳ ಇನ್ನೂ ಯಾಕೆ ಬಂದಿಲ್ಲ ಎಂದು ಅವನು ಕಾಯುತ್ತಿದ್ದ. ಹುಟ್ಟಿದಾಗಿನಿಂದ ಅವನ ಪ್ರತಿ ನಾಗಾಲೋಟವೂ ಗದರಿಕೆಯಲ್ಲೇ ಮುಗಿದಿತ್ತು, ಗದರಿಸಿದವಳು ಈಗ ಬೆನ್ನ ಮೇಲೇ ಇದ್ದಳು. ಫಿಲಿಪ್ಪಾ ಪೆನ್ನು ಎತ್ತಿದಳು.

ನಾಗಾಲೋಟಕ್ಕೆ ಬಿದ್ದ ಕುದುರೆಗೆ "ಹೋ, ಹೋ, ಬೇಡ" ಬಿಟ್ಟರೆ ಬೇರೇನನ್ನೂ ಹೇಳಿ ನೋಲೀನಳಿಗೆ ಅಭ್ಯಾಸವೇ ಇಲ್ಲ. ಅವಳು ಅವನ ಕತ್ತಿನ ಮೇಲೆ ಪೂರ್ತಿ ಬಗ್ಗಿದಳು.

"ತಪ್ಪಲ್ಲ ಕಂದಾ," ಎಂದಳು. ಧ್ವನಿ ಒಡೆದುಹೋಗಿತ್ತು, ಆದರೂ ನಮಗೆಲ್ಲ ಕೇಳಿಸಿತು. "ತಪ್ಪಲ್ಲ ಕಣೋ. ಶಭಾಷ್! ಓಡು, ನನ್ನಪ್ಪಾ, ಓಡು!"

ಒಂದು ಕಿವಿ ಅವಳ ಕಡೆ ತಿರುಗಿತು. ಆಮೇಲೆ ಇನ್ನೊಂದು. ಕೆಟಲ್ ಬುಸ್ಸೆಂದು ಉಸಿರು ಬಿಟ್ಟು ಮೈಚಾಚಿದ ನೋಡಿ! ಮರಳು ನಮ್ಮ ಮುಖಕ್ಕೇ ಬಂದು ಬಿತ್ತು. ಉಳಿದ ಮುಕ್ಕಾಲು ಸುತ್ತು ಹೇಗೆ ಮುಗಿಯಿತೋ ತಿಳಿಯಲಿಲ್ಲ. ಟ್ರಾಟಿಂಗ್‌ನವರು ಪಿಕಪ್ಪುಗಳ ಮೇಲೆ ಹತ್ತಿ ಗುಡುಗುಟ್ಟಿಸುತ್ತಿದ್ದರು, ಕ್ಲಬ್ಬಿನವರೂ ಕೂಗುತ್ತಿದ್ದರು.

"ಆಯ್ತು ನೋಲೀನ್! ನಾಗಾಲೋಟ ಪಾಸು! ಈಗ ನಿಲ್ಸು!" ಎಂದು ಫಿಲಿಪ್ಪಾ ಕೈ ಬೀಸಿದಳು.

ನೋಲೀನ್ ನಿಲ್ಲಿಸಲಿಲ್ಲ. ಸುತ್ತು ಬಿಟ್ಟು, ನಮ್ಮನ್ನೆಲ್ಲ ಬಿಟ್ಟು, ನೀರಿನ ಅಂಚು ಹಿಡಿದು ವೈಕುಕುವಿನ ಕಡೆಗೆ ಹೊರಟೇಬಿಟ್ಟಳು. ಅವಳ ಎರಡೂ ಕೈ ಮೇಲೆ ಗಾಳಿಯಲ್ಲಿದ್ದವು, ಪಟ್ಟಿಯೂ ಇಲ್ಲ, ಲಗಾಮೂ ಇಲ್ಲ.

ಫಿಲಿಪ್ಪಾ ಕಾಗದ ನೋಡಿದಳು, ದಂಡೆ ನೋಡಿದಳು. "ನಿಲ್ಸೋದು ಒಂದು ಬಾಕಿ ಇದೆಯಲ್ಲೋ ಡೆಸ್."

ನಾನು ಅಳುತ್ತಿದ್ದೆ, ಅದರಲ್ಲಿ ನಾಚಿಕೆಯೇನಿಲ್ಲ. "ಅದನ್ನ ನಲವತ್ತೈದು ವರ್ಷ ಮಾಡಿದಾಳೆ," ಎಂದೆ. "ಬರ್ಕೋ ತಾಯಿ."

ಅವಳು ಬರೆದುಕೊಂಡಳು.